ಯಾವ ಹೊಂಬಳ?

ನ್ಯೂಜಿಲೆಂಡಿನ ಟೌರಂಗಾ ಊರಿನ ರೆಸ್ಟ್ ಹೋಮಿನಲ್ಲಿ ವೃದ್ಧರನ್ನು ನೋಡಿಕೊಳ್ಳುತ್ತಿದ್ದ ಶಾಂತಾಗೆ ಎರಡು ಅಡ್ಡಹೆಸರು. ಪಾಸ್‌ಪೋರ್ಟಿನಲ್ಲಿದ್ದದ್ದು ಹೊಂಬಳ. ಎದೆಯ ಮೇಲೆ ಸಿಕ್ಕಿಸಿಕೊಂಡ ಬಿಲ್ಲೆಯಲ್ಲಿದ್ದದ್ದು ಹಂಬಲ್. ಬಿಲ್ಲೆ ಮಾಡಿಸಿದ ಆಫೀಸಿನ ಹುಡುಗಿಗೆ ಹೊಂಬಳ ಎನ್ನುವುದು ಕಾಗುಣಿತ ತಪ್ಪಿದ ಹಾಗೆ ಕಂಡಿತ್ತು. ತಿದ್ದಿ, ತನಗೆ ಗೊತ್ತಿದ್ದ ಇಂಗ್ಲಿಷ್ ಹೆಸರು ಹಾಕಿಬಿಟ್ಟಿದ್ದಳು. ಇಂಗ್ಲಿಷಿನಲ್ಲಿ ಅದಕ್ಕೆ ವಿನಯವಂತ ಎಂದು ಅರ್ಥ, ಕನ್ನಡದ ಕಿವಿಗೆ ಹಂಬಲ. ಶಾಂತಾಗೆ ಎರಡೂ ಬೇಕಿರಲಿಲ್ಲ, ಬೇಕಿದ್ದದ್ದು ನಿದ್ದೆ. ಬದಲಾಯಿಸಿಕೊಡಿ ಎಂದು ಕೇಳಬೇಕು, ಮತ್ತೆ ಫೋಟೋಗೆ ನಿಲ್ಲಬೇಕು, ಯಾರು ಅಲೆಯುತ್ತಾರೆ ಎಂದು ಹಾಗೇ ಬಿಟ್ಟಳು. ಆಕೆಯ ಬದುಕಿನಲ್ಲಿ ಬಹಳಷ್ಟು ಸುಳ್ಳುಗಳು ಹೀಗೇ, ತಿದ್ದಲು ತ್ರಾಣ ಸಾಲದೆ ಉಳಿದುಕೊಂಡಿದ್ದವು.

ಇನ್ನು ಹೊಂಬಳ ಎಂಬ ಹೆಸರಿನ ಕಥೆ. ಗದಗಿನ ಹತ್ತಿರ ಹೊಂಬಳ ಎಂದು ಒಂದು ಊರಿದೆ. ಆ ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡ ಮನೆತನಗಳು ಹಲವು. ಧಾರವಾಡದಲ್ಲಿ ಕಣ್ಣಿನ ಡಾಕ್ಟರ್ ಹೊಂಬಳ ಇದ್ದರು, ಹುಬ್ಬಳ್ಳಿಯಲ್ಲಿ ವಕೀಲ ಹೊಂಬಳ, ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಪ್ರೊಫೆಸರ್ ಹೊಂಬಳ. ನ್ಯೂಜಿಲೆಂಡಿಗೆ ಬಂದರೂ ನಮ್ಮವರ ಬಾಯಿ ಸುಮ್ಮನಿರುತ್ತದೆಯೇ? ಕನ್ನಡ ಕೂಟದಲ್ಲಿ ಬಿಸಿಬೇಳೆಬಾತಿನ ತಟ್ಟೆ ಕೈಗೆ ಬರುವ ಮೊದಲೇ ಪ್ರಶ್ನೆ ಬರುತ್ತಿತ್ತು: "ಹೊಂಬಳ ಅಂದ್ರೆ ಯಾವ ಹೊಂಬಳ? ಡಾಕ್ಟರ್ ಪೈಕಿಯಾ?"

"ಹೂಂ ರೀ, ಅದಽ ಪೈಕಿ," ಎನ್ನುತ್ತಿದ್ದಳು ಶಾಂತಾ. ಹೌದು ಅಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಅಲ್ಲ ಅಂದರೆ ಶುರುವಾಗುತ್ತಿತ್ತು.

ಶುರುವಾದರೆ ಹೇಳಬೇಕಾದದ್ದು ಕಸ್ತೂರೆವ್ವ ಹೊಂಬಳಳ ವಿಷಯ. ಕಸ್ತೂರೆವ್ವ ಶಾಂತಾಳ ತಾಯಿ. ಕಂಪನಿ ನಾಟಕದ ನಟಿ. ಅವಳ ತಾಯಿಯೂ ನಟಿ, ಚಿಕ್ಕಮ್ಮನೂ ನಟಿ, ಸೋದರಮಾವ ಕಾಲುಪೆಟ್ಟಿಗೆ ಹಾರ್ಮೋನಿಯಂ ನುಡಿಸುತ್ತಿದ್ದವನು. ನಾಟಕದ ಹೆಣ್ಣುಮಕ್ಕಳಿಗೆ ಹೆಸರಿನ ಮುಂದೆ ಬರೆಯಲು ಗಂಡನ ಹೆಸರು ಇರುತ್ತಿರಲಿಲ್ಲ, ಇದ್ದರೂ ಬರೆಯುವ ಹಾಗಿರುತ್ತಿರಲಿಲ್ಲ. ಅದಕ್ಕೇ ಹುಟ್ಟಿದ ಊರನ್ನು ಬರೆಯುತ್ತಿದ್ದರು. ಶಾಂತಾಳ ತಂದೆ ಕಂಪನಿಯ ಮಾಲೀಕ. ಮನೆ, ಹೆಂಡತಿ, ಮಕ್ಕಳು ಎಲ್ಲ ಬೇರೆ ಕಡೆ ಇದ್ದ ಗೃಹಸ್ಥ. ಕಸ್ತೂರೆವ್ವ ಮಗಳನ್ನು ತಗಡಿನ ಥಿಯೇಟರಿನ ಹತ್ತಿರವೂ ಬಿಟ್ಟುಕೊಳ್ಳದೆ ಧಾರವಾಡದ ಹಾಸ್ಟೆಲಿಗೆ ಹಾಕಿದಳು. "ನಾ ಬಣ್ಣಾ ಹಚ್ಚೀನಿ, ಸಾಕು. ನಿನ್ನ ಮಾರಿಗೆ ಬ್ಯಾಡ," ಎಂದಿದ್ದಳು. ಹಾಸ್ಟೆಲಿನಲ್ಲಿ ಯಾರೋ ಮೊದಲ ಸಲ "ನೀ ಡಾಕ್ಟರ್ ಹೊಂಬಳ ಪೈಕಿ ಏನು?" ಎಂದು ಕೇಳಿದ್ದರು; ಶಾಂತಾ ಹೂಂ ಅಂದಿದ್ದಳು. ಮುಂದೆ ಆಕೆಯನ್ನು ಪ್ರೀತಿಸಿ ಮದುವೆಯಾದ ಎಂಜಿನಿಯರ್ ಚಿದಾನಂದನಿಗೆ ಮಾತ್ರ ಎಲ್ಲ ಗೊತ್ತಿತ್ತು. ಟೌರಂಗಾದಲ್ಲಿ ಕಿವೀ ಹಣ್ಣು ತುಂಬಿ ಕಳಿಸುವ ಪ್ಯಾಕ್‌ಹೌಸಿನಲ್ಲಿ ಕೆಲಸ ಮಾಡಿಕೊಂಡು, ಮಗಳು ಅಪೂರ್ವಳನ್ನು ಓದಿಸಿ, ಹೃದಯ ನಿಂತು ಅವನೂ ಹೋಗಿಬಿಟ್ಟ. ಗುಟ್ಟು ಹೊರಲು ಈಗ ಶಾಂತಾ ಒಬ್ಬಳೇ.

ರೆಸ್ಟ್ ಹೋಮಿನ ಕೆಲಸವೋ, ಕೇಳಬೇಡಿ. ಎಬ್ಬಿಸು, ಕೂರಿಸು, ಸ್ನಾನ ಮಾಡಿಸು, ಉಣ್ಣಿಸು, ಒರೆಸು, ಮಲಗಿಸು. ಮಲಗಿಸಿದವರು ಮತ್ತೆ ಗಂಟೆ ಒತ್ತುತ್ತಾರೆ. ಮೊಣಕಾಲು ಬೆಳಿಗ್ಗೆಯೇ ನೋಯಲು ಶುರುವಾಗಿ, ಸಂಜೆ ಕಾರಿನ ಬ್ರೇಕ್ ಒತ್ತುವಾಗ ಜೀವ ಬಾಯಿಗೆ ಬರುತ್ತಿತ್ತು. ಆ ಹೋಮಿಗೆ ಹೋದ ಚಳಿಗಾಲದಲ್ಲಿ ಬಂದು ಸೇರಿದಾಕೆ ಮಿಸ್ ಹಂಬಲ್. ವಯಸ್ಸು ತೊಂಬತ್ತು ದಾಟಿತ್ತು. ಗಂಡಂದಿರು ಬಂದರು, ಹೋದರು; ಹೆಸರು ಮಾತ್ರ ಬಿಟ್ಟಿರಲಿಲ್ಲ. ಮೊದಲ ದಿನ ಸ್ನಾನಕ್ಕೆ ಕರೆದೊಯ್ಯಲು ಬಗ್ಗಿದ ಶಾಂತಾಳ ಬಿಲ್ಲೆ ಹಿಡಿದು, ಮೂಗಿನ ಹತ್ತಿರ ತಂದುಕೊಂಡು ಓದಿದಳು.

"ಹಂಬಲ್! ನೀನು ಯಾವ ಹಂಬಲ್?"

ಶಾಂತಾಗೆ ನಗು ಬಂತು. ಭೂಮಿಯ ಈ ತುದಿಗೆ ಬಂದರೂ ಬೆನ್ನು ಬಿಡದ ಪ್ರಶ್ನೆ!

ಮಿಸ್ ಹಂಬಲ್ ತನ್ನ ಇಂಗ್ಲಿಷಿನಲ್ಲಿ ವಿವರಿಸಿದಳು. ಇಂಗ್ಲೆಂಡಿನಲ್ಲಿ ಹೆಸರು ಮಾಡಿದ ಹಂಬಲ್‌ಗಳು ಒಬ್ಬಿಬ್ಬರಲ್ಲ. ಒಬ್ಬ ಬಿಷಪ್, ಅವನ ಉಪದೇಶಕ್ಕೆ ಕಂಬಗಳೂ ತೂಕಡಿಸುತ್ತಿದ್ದವಂತೆ. ಒಬ್ಬ ಸಸ್ಯಶಾಸ್ತ್ರಿ, ಅವನ ಹೆಸರನ್ನು ಯಾವುದೋ ಕಳೆಗೆ ಇಟ್ಟಿದ್ದಾರಂತೆ. ಒಬ್ಬ ಕ್ರಿಕೆಟಿಗ, ಮೊದಲ ಚೆಂಡಿಗೇ ಔಟಾಗಿ ಅದಕ್ಕೇ ಪ್ರಸಿದ್ಧನಾದವನು. "ಅವರು ಯಾರೂ ನಮಗೆ ಸಂಬಂಧವಿಲ್ಲ. ಜನ ಬಿಷಪ್ಪನ ಕಡೆಯವಳಾ ಎಂದು ಕೇಳಿದರೆ ನನಗೆ ಅವಮಾನ. ನಾವು ನಾಟಕದ ಹಂಬಲ್‌ಗಳು. ನನ್ನ ಅಜ್ಜ, ಅಪ್ಪ, ಅತ್ತೆ, ನಾನು. ಈಗ ಹೇಳು, ನೀನು ಯಾರ ಪೈಕಿ?"

ನೀರು ಆರುತ್ತಿತ್ತು. ಇನ್ನೂ ಆರು ಜನರ ಸ್ನಾನ ಬಾಕಿಯಿತ್ತು. ಶಾಂತಾ ರೂಢಿಯ ಬಲದಲ್ಲಿ, "ಅದೇ ಪೈಕಿ," ಎಂದುಬಿಟ್ಟಳು. ಹೇಳಿದ ಮೇಲೆ ಕೈಯಲ್ಲಿದ್ದ ಟವೆಲ್ ಹಾಗೇ ನಿಂತಿತು. ಇಷ್ಟು ವರ್ಷ ಸುಳ್ಳಾಗಿದ್ದ ಮಾತು ಇವತ್ತು ನಿಜವಾಗಿತ್ತು.

ಅಂದಿನಿಂದ ಸ್ನಾನದ ಮನೆಯಲ್ಲಿ ಅವರಿಬ್ಬರ ಮಾತು ಬೆಳೆಯಿತು. ಶಾಂತಾ ಯಾರಿಗೂ ಹೇಳದ್ದನ್ನು ಆಕೆಗೆ ಹೇಳಿದಳು. ಆ ಮುದುಕಿಗೆ ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ. ಹಾಗಿದ್ದ ಕಿವಿಗಿಂತ ಒಳ್ಳೆಯ ಕಿವಿ ಎಲ್ಲಿ ಸಿಗಬೇಕು? ತಾಯಿ ರಾಣಿಯ ಪಾರ್ಟು ಮಾಡಿದ್ದು, ಒನ್ಸ್ ಮೋರ್ ಎಂದು ಜನ ಬಿಡದೆ ಅದೇ ಹಾಡನ್ನು ಮತ್ತೆ ಮತ್ತೆ ಹಾಡಿಸಿದ್ದು, ನಾಯಕ ಕುಡಿದು ಬಿದ್ದ ದಿನ ಮೀಸೆ ಅಂಟಿಸಿಕೊಂಡು ತಾನೇ ರಾಜನ ಪಾರ್ಟನ್ನೂ ಮಾಡಿದ್ದು. ಆ ತಾಯಿ ಈಗಲೂ ಗದಗಿನಲ್ಲಿದ್ದಾಳೆ, ಕಲಾವಿದರ ಮಾಸಾಶನ ಬರುತ್ತದೆ, ಹಲ್ಲು ಹೋದರೂ ಮಾತು ಹೋಗಿಲ್ಲ ಎಂಬುದನ್ನೂ ಹೇಳಿದ್ದಳು. ಮಿಸ್ ಹಂಬಲ್ ಕಣ್ಣು ಮುಚ್ಚಿ ಕೇಳುತ್ತಿದ್ದಳು. ತಿಂಡಿ ಮರೆಯುವವಳು ನಾಟಕದ ಒಂದು ಮಾತನ್ನೂ ಮರೆಯುವವಳಲ್ಲ ಎಂಬುದು ಶಾಂತಾಗೆ ಹೊಳೆಯಲಿಲ್ಲ.

ಈ ನಡುವೆ ಅಪೂರ್ವಳ ಮದುವೆಯ ಮಾತು ಬಂತು. ಹುಡುಗ ಋತ್ವಿಕ್, ಆಕ್ಲೆಂಡಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಇಬ್ಬರೂ ಒಪ್ಪಿಕೊಂಡಾಗಿತ್ತು. ಅವನ ತಾಯಿ ರಮಾ ಮೈಸೂರಿನವರು, ಬಾಟನಿ ಡೌನ್ಸ್ ಬಡಾವಣೆಯಲ್ಲಿ ಮನೆ, ಮನೆಯಲ್ಲಿ ದೇವರ ಕೋಣೆಗೆ ಬೇರೆ ಬಾಗಿಲು. ಕೆಟ್ಟವರಲ್ಲ, ಆದರೆ ಎಲ್ಲವನ್ನೂ ಒಪ್ಪವಾಗಿ ಇಡುವ ಹೆಂಗಸು. ಮೊದಲ ಸಲ ಶಾಂತಾ ಅಲ್ಲಿಗೆ ಹೋದಾಗ ಪ್ರಶ್ನೆ ಬಂದೇ ಬಂತು. ಡಾಕ್ಟರ್ ಹೊಂಬಳರ ಪೈಕಿ ಎಂದು ಉತ್ತರವೂ ಆಯಿತು.

"ನಿಮ್ಮ ತಾಯಿಯವರು ಎಲ್ಲಿದಾರೆ?" ಎಂದು ರಮಾ ಕೇಳಿದರು.

ಅಪೂರ್ವ ಆಗ ಅಡುಗೆಮನೆಯಲ್ಲಿದ್ದಳು. ಶಾಂತಾ ಹಿಂದಿನ ದಿನದ ಶಿಫ್ಟ್ ಮುಗಿಸಿ, ಬೆಳಗಾಗುವ ಮೊದಲೇ ಎದ್ದು ಅಷ್ಟು ದೂರ ಕಾರು ಓಡಿಸಿಕೊಂಡು ಬಂದಿದ್ದಳು. ಇದ್ದಾಳೆ ಎಂದರೆ ಎಲ್ಲಿ, ಯಾರ ಜೊತೆ, ಅಪ್ಪ ಏನು ಮಾಡಿಕೊಂಡಿದ್ದರು, ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. "ಯಾರೂ ಇಲ್ಲ ರೀ," ಎಂದಳು.

"ಅಯ್ಯೋ ಪಾಪ," ಎಂದು ರಮಾ ಆಕೆಯ ಕೈ ಹಿಡಿದುಕೊಂಡರು.

ವಾಪಸು ಬರುವ ದಾರಿಯುದ್ದಕ್ಕೂ ಶಾಂತಾಗೆ ಅದೇ ಯೋಚನೆ. ಬದುಕಿರುವ ತಾಯಿಯನ್ನು ಎರಡು ಪದದಲ್ಲಿ ಸಾಯಿಸಿ, ಮೇಲೆ ಮೂರು ಹೋಳಿಗೆ ತಿಂದು ಬಂದಿದ್ದಳು. ಭಾನುವಾರ ಎಂದಿನಂತೆ ಗದಗಿಗೆ ಫೋನ್ ಮಾಡಿದಾಗ, "ಅವ್ವಾ, ಮುಂದಿನ ವಾರ ಬೀಗರು ಬರೋರದಾರ. ನೀ ಆಗ ಫೋನ್ ಹಚ್ಚಬ್ಯಾಡ," ಎಂದಳು.

ಕಸ್ತೂರೆವ್ವ ಯಾಕೆ ಎಂದು ಕೇಳಲಿಲ್ಲ. "ಆತವ್ವ. ಹುಡುಗಗ ಸಿಹಿ ಸೇರತದೇನು?" ಎಂದಳು. ಯಾಕೆ ಎಂದು ಕೇಳಿದ್ದರೇ ಶಾಂತಾಗೆ ಹಗುರಾಗುತ್ತಿತ್ತು.

ಬೀಗರು ಬರುವ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಶಾಂತಾ ಕೆಲಸ ಮುಗಿಸಿ ಮನೆಯಲ್ಲಿರಬೇಕಿತ್ತು. ಆದರೆ ಮುಂದಿನ ಶಿಫ್ಟಿನವಳು ಜ್ವರ ಎಂದು ಬರಲಿಲ್ಲ. ಶಾಂತಾ ಇಲ್ಲ ಎನ್ನುವುದನ್ನು ಕಲಿತವಳಲ್ಲ. ಕೊನೆಗೆ ಅಪೂರ್ವಳೇ ಋತ್ವಿಕ್‌ನನ್ನೂ ರಮಾ ಅವರನ್ನೂ ಕರೆದುಕೊಂಡು ರೆಸ್ಟ್ ಹೋಮಿಗೆ ಬಂದಳು. ಮಧ್ಯಾಹ್ನದ ಟೀ ಹೊತ್ತು. ಲೌಂಜಿನ ದೊಡ್ಡ ಕಿಟಕಿಯಾಚೆ ಬಂದರಿನ ಕ್ರೇನುಗಳು, ಇತ್ತ ವಾಕರುಗಳ ಸಾಲು, ಸ್ಕೋನು, ಜಾಮು, ಕೆಳಗೆ ಬಿದ್ದ ಚಮಚ. ರಮಾ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಬಂದು, ಅಳುಕದೆ ಎಲ್ಲರಿಗೂ ಹಲೋ ಹೇಳಿ ಕೂತರು. ಶಾಂತಾಗೆ ಅವರ ಮೇಲೆ ಪ್ರೀತಿಯೇ ಉಕ್ಕಿತು.

"ಎಷ್ಟು ಕಷ್ಟದ ಕೆಲಸ ಶಾಂತಾ ಅವರೇ. ನಿಮ್ಮಂಥ ಮನೆತನದವರು ಇಷ್ಟೆಲ್ಲ ಮಾಡ್ತೀರಲ್ಲ, ದೊಡ್ಡದು," ಎಂದರು ರಮಾ.

ಪಕ್ಕದ ಕುರ್ಚಿಯಲ್ಲಿದ್ದ ಮಿಸ್ ಹಂಬಲ್ ರೇಷ್ಮೆ ಸೀರೆ ನೋಡಿದಳು. ಪ್ರೇಕ್ಷಕರು ಬಂದರೆಂದೇ ತಿಳಿದಳೋ ಏನೋ, ಬೆನ್ನು ನೆಟ್ಟಗಾಯಿತು. ಇಡೀ ಲೌಂಜಿಗೆ ಕೇಳುವ ದನಿಯಲ್ಲಿ, "ಈಕೆ ಯಾರೆಂದು ಗೊತ್ತೇ ನಿಮಗೆ?" ಎಂದಳು. "ನಾಟಕದ ಮನೆತನದ ಹುಡುಗಿ. ಈಕೆಯ ಅಜ್ಜಿ ನಟಿ. ಈಕೆಯ ತಾಯಿ ಒಂದೇ ರಾತ್ರಿ ರಾಣಿಯೂ ಆಗಿ, ಮೀಸೆ ಅಂಟಿಸಿಕೊಂಡು ರಾಜನೂ ಆದವಳು. ಇನ್ನೂ ಬದುಕಿದ್ದಾಳೆ, ಭಾರತದಲ್ಲಿ, ಒಂದು ಮಾತನ್ನೂ ಮರೆತಿಲ್ಲ!"

ಶಾಂತಾ ಕೈಯಲ್ಲಿದ್ದ ಕಪ್ಪನ್ನು ಮೇಜಿನ ಮೇಲಿಟ್ಟಳು. ರಮಾ ಮೆಲ್ಲಗೆ ನಕ್ಕು, ಕನ್ನಡದಲ್ಲಿ, "ಪಾಪ, ಮರೆವಿನ ಕಾಯಿಲೆ ಅಲ್ವಾ? ಏನೇನೋ ಕಲ್ಪಿಸಿಕೊಳ್ತಾರೆ. ನಿಮ್ಮ ತಾಯಿ ತೀರಿಹೋಗಿ ಎಷ್ಟು ವರ್ಷ ಆಯ್ತೋ," ಎಂದರು.

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಶಾಂತಾ ಬಾಯಿ ತೆರೆದಳು. ಅಷ್ಟರಲ್ಲಿ ಅಪೂರ್ವ ತಲೆ ಎತ್ತಿದಳು.

"ವಾಟ್? ಅಜ್ಜಿ ತೀರಿಹೋಗಿಲ್ಲ ಆಂಟಿ. ಅಜ್ಜಿ ಗದಗ್‌ನಲ್ಲಿದಾರೆ. ದೀಪಾವಳಿಗೆ ಮಾತಾಡಿದೀನಿ. ಮಮ್, ಟೆಲ್ ಹರ್." ತಾಯಿಯ ಮುಖ ನೋಡಿದಳು, ಏನೂ ಅರ್ಥವಾಗಲಿಲ್ಲ. ಈ ನೆಲದಲ್ಲಿ ಬೆಳೆದ ಹುಡುಗಿ; ಅಜ್ಜಿ ಎಂದರೆ ಫೋನಿನಲ್ಲಿ ನಗುವ ಬೊಚ್ಚುಬಾಯಿ, ಅಷ್ಟೇ ಅವಳಿಗೆ. "ಹ್ಯಾಂಗ್ ಆನ್, ನಾನೇ ತೋರಿಸ್ತೀನಿ," ಎಂದು ವಿಡಿಯೋ ಕಾಲ್ ಒತ್ತಿಯೇಬಿಟ್ಟಳು.

ಶಾಂತಾ ಬೇಡ ಎನ್ನುವಷ್ಟರಲ್ಲಿ ಆಚೆ ಕಡೆ ಫೋನ್ ಎತ್ತಿಯಾಗಿತ್ತು. ಗದಗಿನಲ್ಲಿ ಆಗಷ್ಟೇ ಬೆಳಗಾಗಿತ್ತು. ಪರದೆಯ ಮೇಲೆ ಕಸ್ತೂರೆವ್ವಳ ಮುಖ ಬಂತು. ಕೈಯಲ್ಲಿ ಚಹಾದ ಬಟ್ಟಲು, ಹಿಂದೆ ನೀರಿನ ಕೊಡ. ಮೊಮ್ಮಗಳನ್ನು ಕಂಡು ಬಾಯಿ ಅರಳಿತು. ಮರುಕ್ಷಣ ಮೊಮ್ಮಗಳ ಹೆಗಲ ಮೇಲಿಂದ ಇಣುಕಿದ ರೇಷ್ಮೆ ಸೀರೆ ಕಂಡಿತು, ಹುಡುಗ ಕಂಡ, ಅವರ ಹಿಂದೆ ಬಿಳಿಚಿಕೊಂಡು ನಿಂತ ಮಗಳು ಕಂಡಳು. ಅರಳಿದ ಬಾಯಿ ಹಾಗೇ ಮುಚ್ಚಿತು.

"ನಮಸ್ಕಾರ," ಎಂದರು ರಮಾ, ಸಂಶಯದಿಂದ. "ನೀವು ಶಾಂತಾ ಅವರ ತಾಯಿಯವರಾ?"

ಕಸ್ತೂರೆವ್ವ ಬಟ್ಟಲು ಕೆಳಗಿಟ್ಟಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಹೆಗಲು ಒಳಗೆ ಸರಿದು, ಕುತ್ತಿಗೆ ಬಾಗಿ, ನೋಡನೋಡುತ್ತಲೇ ಆಕೆ ಅರ್ಧ ಆಳಾದಳು.

"ಯವ್ವಾ, ಎಲ್ಲೀ ಮಾತ್ರಿ! ನಾ ಅವರ ಮನ್ಯಾಗ ಕೆಲಸಾ ಮಾಡಾಕಿ. ಶಾಂತಕ್ಕಾರ್ನ ಎತ್ತಿ ಆಡಿಸೀನಿ. ದೊಡ್ಡಮ್ಮಾರು ತೀರಿಕೊಂಡು ಭಾಳ ದಿನಾ ಆತ್ರಿ. ದೇವರಂಥಾಕಿ..." ಎಂದು ನಿಲ್ಲಿಸಿದಳು. ಸೆರಗಿನ ತುದಿ ಕಣ್ಣಿನ ತನಕ ಹೋಗಿ, ಒರೆಸದೆ, ಕೆಳಗಿಳಿಯಿತು. "ಈ ಹುಡುಗಿ ಸಣ್ಣಾಕಿದ್ದಾಗಿಂದ ನನಗ ಅಜ್ಜಿ ಅಂತಾಳ್ರಿ. ಬ್ಯಾಡ ಅಂದ್ರ ಕೇಳೂದಿಲ್ಲ."

"ಅಜ್ಜಿ?" ಎಂದಳು ಅಪೂರ್ವ. ಅವಳ ಮುಖ ಚಿಕ್ಕ ಮಗುವಿನದಾಗಿತ್ತು.

ರಮಾ ನಿರಾಳವಾಗಿ ಉಸಿರು ಬಿಟ್ಟರು. "ಓ, ಹಾಗಾ! ಕೆಲಸದವರನ್ನೂ ಅಜ್ಜಿ ಅಂತಾಳಾ ನಮ್ಮ ಅಪೂರ್ವ? ನೋಡೋ ಋತ್ವಿಕ್, ಎಂಥಾ ಸಂಸ್ಕಾರ!"

ಇಷ್ಟು ಸಲೀಸಾಗಿ ಎಲ್ಲ ಸರಿಹೋಗಿತ್ತು. ಯಾರೂ ಹೇಳಿಕೊಡದ ಪಾರ್ಟು, ಒಂದೇ ಒಂದು ನೋಟದಲ್ಲಿ ಹಿಡಿದು, ಒಂದು ಮಾತೂ ತಪ್ಪದೆ ಆಡಿ ಮುಗಿಸಿದ್ದಳು ಮುದುಕಿ. ಮಗಳು ತನ್ನನ್ನು ಸಾಯಿಸಿದ್ದಾಳೆಂದು ತಿಳಿದೇ, ತಾನೂ ಒಂದು ಹಿಡಿ ಮಣ್ಣು ಹಾಕಿಕೊಂಡಿದ್ದಳು. ಶಾಂತಾ ಇನ್ನು ಮಾಡಬೇಕಾದದ್ದು ಸುಮ್ಮನಿರುವುದೊಂದೇ. ಅದರಲ್ಲಿ ಆಕೆ ಪಳಗಿದವಳು.

ಮಿಸ್ ಹಂಬಲ್ ಕುರ್ಚಿಯಿಂದ ಮುಂದಕ್ಕೆ ಬಾಗಿ ಫೋನನ್ನೇ ನೋಡುತ್ತಿದ್ದಳು. ಕನ್ನಡದ ಒಂದಕ್ಷರವೂ ಆಕೆಗೆ ಬರದು. ಶಾಂತಾಳ ತೋಳು ಹಿಡಿದು, ಈ ಸಲ ಪಿಸುದನಿಯಲ್ಲಿ, "ಇವಳೇ ಅಲ್ಲವೇ ನಿನ್ನ ತಾಯಿ?" ಎಂದಳು. "ಆ ಸೆರಗನ್ನು ಕಣ್ಣಿಗೆ ಮುಟ್ಟಿಸಲಿಲ್ಲ, ನೋಡಿದೆಯಾ? ನನ್ನ ಅಪ್ಪನಿಗೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ."

ಶಾಂತಾಗೆ ದುಃಖಕ್ಕಿಂತ ಮೊದಲು ಬಂದದ್ದು ಆಯಾಸ. ಇಷ್ಟು ವರ್ಷಗಳ ಆಯಾಸ, ಒಂದೇ ಸಲಕ್ಕೆ. ಇನ್ನೊಂದು ಸುಳ್ಳನ್ನು ಎತ್ತಿ ಹೊರುವ ಶಕ್ತಿ ಮೈಯಲ್ಲಿ ಇರಲಿಲ್ಲ. ಮಗಳ ಕೈಯಿಂದ ಫೋನ್ ತೆಗೆದುಕೊಂಡಳು.

"ಅವ್ವಾ."

"ಏನ್ರೀ ಅಕ್ಕಾರ?" ಎಂದಳು ಕಸ್ತೂರೆವ್ವ.

"ನನಗ ಅಕ್ಕಾರ ಅನಬ್ಯಾಡ." ಶಾಂತಾ ಪರದೆಯನ್ನು ರಮಾ ಕಡೆಗೆ ತಿರುಗಿಸಿದಳು. "ರಮಾ ಅವರ, ಇಕಿ ನಮ್ಮವ್ವ. ಕಸ್ತೂರೆವ್ವ ಹೊಂಬಳ. ಡಾಕ್ಟರ್ ಹೊಂಬಳ ನಮಗ ಏನೂ ಆಗಬೇಕಿಲ್ಲ. ನಾವು ನಾಟಕದ ಮಂದಿ. ನಮ್ಮಪ್ಪ ಈಕಿಗೆ ತಾಳಿ ಕಟ್ಟಿದಾಂವಲ್ಲ. ಯಾರೂ ಇಲ್ಲ ಅಂತ ನಿಮಗ ನಾ ಸುಳ್ಳ ಹೇಳಿದೆ."

ಲೌಂಜಿನಲ್ಲಿ ಯಾರೋ ಟೀಗೆ ಇನ್ನಷ್ಟು ಹಾಲು ಕೇಳಿದರು. ಮೊದಲು ಮಾತಾಡಿದವಳು ಪರದೆಯ ಮೇಲಿನ ಮುದುಕಿ, ಅದೇ ಬಾಗಿದ ಕುತ್ತಿಗೆಯಲ್ಲಿ, ಗಡಿಬಿಡಿಯಾಗಿ.

"ಅಲ್ರೀ ಅವ್ವಾರ, ನಂಬಬ್ಯಾಡ್ರಿ. ಅಕ್ಕಾರು ಭಾಳ ದಣದಾರ್ರಿ, ನಿದ್ದಿಗೆಟ್ಟು ಏನೇನೋ ಅಂತಾರ. ನಾ ಬರೇ ಕೆಲಸದಾಕಿ. ನಿಮ್ಮ ಕಾಲಿಗೆ ಬೀಳ್ತೀನ್ರಿ, ಮದಿವಿ ಬಿಡಬ್ಯಾಡ್ರಿ."

"ಅವ್ವಾ, ಸಾಕು!" ಶಾಂತಾ ಅವಳ ಮಾತು ತಡೆದಳು. "ಸಾಕು ಮಾಡು. ನೀ ಮದಿವೀಗೆ ಬರಬೇಕು."

ಅಪೂರ್ವ ತಾಯಿಯ ಬೆನ್ನಿಗೆ ಆತು ನಿಂತಳು. ಅವಳು ಅಳುತ್ತಿದ್ದದ್ದು ಶಾಂತಾಗೆ ಭುಜದಲ್ಲಿ ತಿಳಿಯುತ್ತಿತ್ತು. ಋತ್ವಿಕ್ "ಅಮ್ಮಾ" ಎಂದು ಮೆಲ್ಲಗೆ ಕರೆದ. ರಮಾ ಮಡಿಲಲ್ಲಿದ್ದ ಕೈಚೀಲದ ಪಟ್ಟಿಯನ್ನು ಸುತ್ತುತ್ತ, ಬಿಚ್ಚುತ್ತ, ನೆಲ ನೋಡುತ್ತಿದ್ದರು.

ಗದಗಿನಲ್ಲಿ ಕಸ್ತೂರೆವ್ವ ತಲೆಯ ಮೇಲಿನ ಸೆರಗನ್ನು ತೆಗೆದಳು. ಬಗ್ಗಿದ ಹೆಗಲು ಮೆಲ್ಲಗೆ ಮೊದಲಿನಂತಾಯಿತು. ಮಗಳನ್ನು ನೇರವಾಗಿ ನೋಡಿದಳು. ಕೇಳಿದಾಗ ದನಿ ಸಣ್ಣದಾಗಿತ್ತು.

"ಬರ್ತೀನವ್ವ. ಯಾರಂತ ಬರ್ಲಿ?"

ಶಾಂತಾ ರಮಾ ಕಡೆ ನೋಡಿದಳು. ಅವರು ಇನ್ನೂ ತಲೆ ಎತ್ತಿರಲಿಲ್ಲ. ಮದುವೆ ಉಳಿಯಿತೋ ಮುರಿಯಿತೋ ಆಕೆಗೆ ತಿಳಿಯಲಿಲ್ಲ. ಆದರೂ ಅವರ ಉತ್ತರಕ್ಕೆ ಕಾಯಲಿಲ್ಲ.

"ನಮ್ಮವ್ವ ಅಂತ ಬಾ," ಎಂದಳು.